ಆರೋಪಕ್ಕೂ ಶಿಕ್ಷೆಗೂ ನಡುವಿನ ದಾರಿ

(ಸಂಘದ ವಾರ್ಷಿಕ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)





ನನಗೆ ಕೊಟ್ಟಿರುವ ವಿಷಯ 'ಅಪರಾಧ, ವಿಚಾರಣೆ ಮತ್ತು ಶಿಕ್ಷೆ: ಅಂದು ಮತ್ತು ಇಂದು'. ಇದು ವಕೀಲರಿಗೂ ಪೊಲೀಸರಿಗೂ ಸೇರಿದ ವಿಷಯ, ನಮಗೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದರೆ ಒಂದು ಊರಿನಲ್ಲಿ ಕಳ್ಳತನವೋ ಕೊಲೆಯೋ ನಡೆದ ದಿನ ನಾವೆಲ್ಲರೂ ನ್ಯಾಯಾಧೀಶರಾಗುತ್ತೇವೆ. ಪೊಲೀಸರು ಒಬ್ಬನನ್ನು ಹಿಡಿದರೆ ಸಾಕು, ಅವನೇ ಮಾಡಿದ್ದಾನೆ ಎಂದು ಸಂಜೆಯೊಳಗೆ ತೀರ್ಪು ಕೊಡುತ್ತೇವೆ. ಅವನಿಗೆ ಎಂಥ ಶಿಕ್ಷೆಯಾಗಬೇಕು ಎಂಬುದನ್ನೂ ರಾತ್ರಿಯೊಳಗೆ ತೀರ್ಮಾನಿಸಿಬಿಡುತ್ತೇವೆ.

ಇಲ್ಲಿ ಎರಡು ಪ್ರಶ್ನೆಗಳಿವೆ. ಮೊದಲನೆಯದು, ಈ ಕೆಲಸವನ್ನು ಇವನೇ ಮಾಡಿದನೇ? ಎರಡನೆಯದು, ಮಾಡಿದ್ದೇ ನಿಜವಾದರೆ ಇವನಿಗೆ ಏನು ಮಾಡಬೇಕು? ಕೋಪದಲ್ಲಿರುವ ಜನರಿಗೆ ಇವೆರಡೂ ಒಂದೇ ಪ್ರಶ್ನೆಯಾಗಿ ಕಾಣುತ್ತವೆ. ಅವನ್ನು ಬೇರೆ ಬೇರೆ ಮಾಡಿ, ಎರಡಕ್ಕೂ ಆರೋಪಿಯ ಮಾತನ್ನು ಕೇಳಿಯೇ ಉತ್ತರ ಕೊಡಬೇಕು ಎಂಬುದನ್ನು ಕಲಿಯಲು ಮಾನವಕುಲಕ್ಕೆ ಸಾವಿರಾರು ವರ್ಷಗಳು ಬೇಕಾದವು. ಆ ಕಲಿಕೆಯ ಕಥೆಯೇ ಇಂದಿನ ನನ್ನ ವಿಷಯ.

ಪ್ರಾಚೀನರ ಎರಡು ಉದಾಹರಣೆಗಳು

ಇಂದಿನ ಇರಾಕ್ ದೇಶದ ನೆಲದಲ್ಲಿ, ಕ್ರಿಸ್ತಪೂರ್ವ 18ನೇ ಶತಮಾನದಲ್ಲಿ, ಬ್ಯಾಬಿಲೋನಿನ ದೊರೆ ಹಮ್ಮುರಾಬಿ ತನ್ನ ಕಾನೂನುಗಳನ್ನು ಕಲ್ಲಿನಲ್ಲಿ ಕೆತ್ತಿಸಿದ. 'ಕಣ್ಣಿಗೆ ಕಣ್ಣು' ಎಂಬ ಮಾತು ಎಲ್ಲರಿಗೂ ಗೊತ್ತು. ಆದರೆ ಅದರ ಮೊಟ್ಟಮೊದಲ ಕಲಮು ಬೇರೆಯದೇ ಸಂಗತಿ ಹೇಳುತ್ತದೆ. ಒಬ್ಬನ ಮೇಲೆ ಕೊಲೆಯ ಆರೋಪ ಹೊರಿಸಿ ಅದನ್ನು ಸಾಬೀತು ಮಾಡಲಾಗದವನಿಗೆ ಮರಣದಂಡನೆ! ಬರೆದ ತೀರ್ಪನ್ನು ಆಮೇಲೆ ಬದಲಾಯಿಸಿದ ನ್ಯಾಯಾಧೀಶ ಹನ್ನೆರಡು ಪಟ್ಟು ದಂಡ ತೆತ್ತು ಪೀಠದಿಂದ ಇಳಿಯಬೇಕು ಎಂದೂ ಅದರಲ್ಲಿದೆ. ಅಂದರೆ ಸುಳ್ಳು ಆರೋಪವೂ ಒಂದು ಅಪರಾಧ ಎಂಬ ಅರಿವು ಅಷ್ಟು ಹಳೆಯದು. ಆದರೆ ಅದೇ ಸಂಹಿತೆಯಲ್ಲಿ ಶಿಕ್ಷೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ಮೇಲ್ವರ್ಗದವನ ಕಣ್ಣು ಕಿತ್ತರೆ ಕಣ್ಣೇ ಹೋಗುತ್ತಿತ್ತು. ಸಾಮಾನ್ಯನ ಕಣ್ಣಾದರೆ ಬೆಳ್ಳಿ ಕೊಟ್ಟರೆ ಮುಗಿಯುತ್ತಿತ್ತು.

ಇನ್ನೊಂದು ಉದಾಹರಣೆ ಗ್ರೀಸಿನ ಅಥೆನ್ಸ್ ನಗರದ್ದು. ಕ್ರಿಸ್ತಪೂರ್ವ 399ರಲ್ಲಿ ಅಲ್ಲಿ ಸಾಕ್ರೆಟಿಸನ ವಿಚಾರಣೆ ನಡೆಯಿತು. ಚೀಟಿ ಎತ್ತಿ ಆರಿಸಿದ ನೂರಾರು ನಾಗರಿಕರೇ ತೀರ್ಪುಗಾರರು. ಅವರು ಎರಡು ಬಾರಿ ಮತ ಹಾಕುತ್ತಿದ್ದರು. ಮೊದಲ ಮತ ತಪ್ಪಿತಸ್ಥನೇ ಎಂಬುದಕ್ಕೆ, ಎರಡನೆಯ ಮತ ಶಿಕ್ಷೆ ಏನು ಎಂಬುದಕ್ಕೆ. ಶಿಕ್ಷೆಯ ಬಗ್ಗೆ ಫಿರ್ಯಾದಿಯೂ ಒಂದು ಸಲಹೆ ಕೊಡುತ್ತಿದ್ದ, ಆರೋಪಿಯೂ ಒಂದು ಸಲಹೆ ಕೊಡುತ್ತಿದ್ದ. ಸಾಕ್ರೆಟಿಸ್ ಕ್ಷಮೆ ಬೇಡಲಿಲ್ಲ. ತಾನು ನಗರಕ್ಕೆ ಮಾಡಿದ ಉಪಕಾರಕ್ಕೆ ಸರ್ಕಾರಿ ಭೋಜನವೇ ತಕ್ಕ ಬಹುಮಾನ ಎಂದು ಹೇಳಿದ. ತಪ್ಪಿತಸ್ಥ ಎಂದು ಮತ ಹಾಕಿದವರಿಗಿಂತ ಹೆಚ್ಚು ಜನ ಮರಣದಂಡನೆಗೆ ಮತ ಹಾಕಿದರು ಎಂದು ಡಯೋಜನೀಸ್ ಲೇರ್ಷಿಯಸ್ ಎಂಬ ಲೇಖಕ ಬರೆದಿಟ್ಟಿದ್ದಾನೆ. ಗಮನಿಸಿ, ಇವನು ನಿರ್ದೋಷಿ ಎಂದು ಆಗತಾನೇ ಮತ ಹಾಕಿದ್ದ ಕೆಲವರು ಮರುಗಳಿಗೆಯಲ್ಲಿ ಅವನನ್ನು ಸಾಯಿಸಲು ಒಪ್ಪಿದರು ಎಂದು ಇದರ ಅರ್ಥ. ಪ್ರಶ್ನೆಗಳು ಎರಡಾಗಿದ್ದವು, ಆದರೆ ಎರಡಕ್ಕೂ ಉತ್ತರ ಕೊಟ್ಟದ್ದು ಗುಂಪಿನ ಸಿಟ್ಟು.

ಸತ್ಯಕ್ಕೆ ಅಡ್ಡದಾರಿಗಳು

ಮಿತ್ರರೇ, ಸಾಕ್ಷಿಯೇ ಇಲ್ಲದಿದ್ದರೆ ಸತ್ಯವನ್ನು ಹುಡುಕುವುದು ಹೇಗೆ? ಹಿಂದಿನವರು ಇದಕ್ಕೆ ದೇವರನ್ನೇ ಕೇಳಿದರು. ನಮ್ಮ ನಾಡಿನಲ್ಲಿ ಇದಕ್ಕೆ 'ದಿವ್ಯ' ಎನ್ನುತ್ತಿದ್ದರು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ತಕ್ಕಡಿ, ಬೆಂಕಿ, ನೀರು, ವಿಷ ಮತ್ತು ಕೋಶ ಎಂಬ ಐದು ದಿವ್ಯಗಳಿವೆ. ಈ ಸ್ಮೃತಿಗೆ 'ಮಿತಾಕ್ಷರಾ' ಎಂಬ ಪ್ರಸಿದ್ಧ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕನ್ನಡ ನಾಡಿನವನೇ. ಇಂದಿನ ಬಸವಕಲ್ಯಾಣದಲ್ಲಿ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ದಾಖಲೆ, ಅನುಭೋಗ, ಸಾಕ್ಷಿ ಎಂಬ ಮಾನುಷ ಪ್ರಮಾಣಗಳು ಸಿಗದಿದ್ದಾಗ ಮಾತ್ರ ದಿವ್ಯಕ್ಕೆ ಹೋಗಬೇಕು ಎಂಬುದು ಅಲ್ಲಿಯ ನಿಯಮ. ಮನುಷ್ಯರ ಪುರಾವೆಗೇ ಮೊದಲ ಸ್ಥಾನ ಎಂದು ಆ ಕಾಲಕ್ಕೇ ಒಪ್ಪಿದ್ದರು.

ಯುರೋಪಿನಲ್ಲಿಯೂ ಕಾದ ಕಬ್ಬಿಣ ಹಿಡಿಸುವುದು, ನೀರಿಗೆ ಹಾಕುವುದು ನಡೆದಿತ್ತು. 1215ರಲ್ಲಿ ರೋಮಿನ ಲ್ಯಾಟರನ್ ಧರ್ಮಸಭೆ ಪಾದ್ರಿಗಳು ಇಂಥ ಪರೀಕ್ಷೆಗಳಲ್ಲಿ ಭಾಗವಹಿಸಬಾರದೆಂದು ನಿಷೇಧಿಸಿತು. ಆಗ ದಾರಿ ಕವಲೊಡೆಯಿತು. ಇಂಗ್ಲೆಂಡಿನಲ್ಲಿ ಊರಿನವರನ್ನೇ ಕೂರಿಸಿ ತೀರ್ಪು ಕೇಳುವ ಜ್ಯೂರಿ ಪದ್ಧತಿ ಬೆಳೆಯಿತು. ಯುರೋಪಿನ ಉಳಿದ ಬಹುಭಾಗದಲ್ಲಿ ಆರೋಪಿಯ ತಪ್ಪೊಪ್ಪಿಗೆಯೇ ಅತಿ ದೊಡ್ಡ ಪುರಾವೆ ಎಂದಾಯಿತು. ತಪ್ಪೊಪ್ಪಿಗೆಯೇ ಬೇಕು ಎಂದಮೇಲೆ ಅದನ್ನು ಹೊರಡಿಸುವ ಉಪಾಯವೂ ಬಂತು. ಅದೇ ಚಿತ್ರಹಿಂಸೆ.

ಚಿತ್ರಹಿಂಸೆಗೆ ಸಿಕ್ಕವನು ನೋವು ನಿಲ್ಲಲಿ ಎಂದು ಏನನ್ನಾದರೂ ಹೇಳುತ್ತಾನೆ. ಗಟ್ಟಿ ದೇಹದ ಅಪರಾಧಿ ತಾಳಿಕೊಂಡು ಪಾರಾಗುತ್ತಾನೆ, ದುರ್ಬಲನಾದ ನಿರಪರಾಧಿ ಒಪ್ಪಿಕೊಂಡು ಸಾಯುತ್ತಾನೆ. ಇಟಲಿಯ ಚೆಸಾರೆ ಬೆಕ್ಕಾರಿಯಾ 1764ರಲ್ಲಿ ಪ್ರಕಟಿಸಿದ ಅಪರಾಧ ಮತ್ತು ಶಿಕ್ಷೆಗಳ ಕುರಿತ ಗ್ರಂಥದ ವಾದವೂ ಇದೇ. ಆಗ ಅವನಿಗೆ ಇಪ್ಪತ್ತಾರು ವರ್ಷ, ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಿಗಿಂತ ನಾಲ್ಕಾರು ವರ್ಷ ದೊಡ್ಡವನು ಅಷ್ಟೆ. ಶಿಕ್ಷೆಯ ಕ್ರೌರ್ಯಕ್ಕಿಂತ ಶಿಕ್ಷೆ ತಪ್ಪುವುದಿಲ್ಲ ಎಂಬ ಖಾತ್ರಿಯೇ ಅಪರಾಧವನ್ನು ತಡೆಯುತ್ತದೆ ಎಂದೂ ಅವನು ಹೇಳಿದ.

ಅದಕ್ಕೆ ಎರಡು ವರ್ಷ ಮೊದಲು ಫ್ರಾನ್ಸಿನ ತುಲೂಸ್ ನಗರದಲ್ಲಿ ಝಾನ್ ಕಲಾಸ್ ಎಂಬ ಬಟ್ಟೆ ವ್ಯಾಪಾರಿಯನ್ನು ಕೊಂದಿದ್ದರು. ಕ್ಯಾಥೋಲಿಕರ ಆ ನಗರದಲ್ಲಿ ಅವನು ಪ್ರಾಟೆಸ್ಟೆಂಟ್ ಅಲ್ಪಸಂಖ್ಯಾತ. 1761ರ ಅಕ್ಟೋಬರಿನಲ್ಲಿ ಅವನ ಮಗ ಮನೆಯಲ್ಲಿ ಸತ್ತು ಬಿದ್ದಿದ್ದ. ಮಗ ಮತಾಂತರವಾಗಲು ಹೊರಟಿದ್ದ, ಅದಕ್ಕೇ ಅಪ್ಪನೇ ಕೊಂದ ಎಂದು ಬೀದಿಯಲ್ಲಿ ಯಾರೋ ಕೂಗಿದರು. ಆ ಗಾಳಿಮಾತೇ ಮೊಕದ್ದಮೆಯಾಯಿತು. 1762ರ ಮಾರ್ಚಿನಲ್ಲಿ ಅವನನ್ನು ಹಿಂಸಿಸಿ, ಗಾಲಿಗೆ ಕಟ್ಟಿ ಮೂಳೆ ಮುರಿದು ಕೊಂದರು. ಕೊನೆಯವರೆಗೂ ಅವನು ಒಪ್ಪಿಕೊಳ್ಳಲಿಲ್ಲ. ಲೇಖಕ ವಾಲ್ತೇರ್ ಮೂರು ವರ್ಷ ಹೋರಾಡಿದ ಮೇಲೆ 1765ರಲ್ಲಿ ಕಲಾಸ್ ನಿರ್ದೋಷಿ ಎಂದು ಘೋಷಣೆಯಾಯಿತು. ಅಷ್ಟು ಹೊತ್ತಿಗೆ ಕಲಾಸ್ ಎಲ್ಲಿದ್ದ?

ಖಾಝಿಯ ನ್ಯಾಯಾಲಯ ಮತ್ತು ಕಂಪೆನಿಯ ಕಾಲ

ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಈ ವಿಷಯಕ್ಕೆ ಹತ್ತಿರವಾದ ಎರಡು ತತ್ವಗಳಿವೆ. ಸಾಬೀತು ಮಾಡುವ ಹೊಣೆ ಆರೋಪ ಹೊರಿಸುವವನದು ಎಂಬುದು ಒಂದು. ಸಂಶಯವಿದ್ದಲ್ಲಿ ಹದ್ದ್ ಶಿಕ್ಷೆಗಳನ್ನು ಜಾರಿ ಮಾಡಬಾರದು ಎಂಬುದು ಇನ್ನೊಂದು. ಹಝ್ರತ್ ಉಮರ್(ರ) ಅವರು ತಮ್ಮ ಖಾಝಿಗೆ ಬರೆದದ್ದೆಂದು ಪರಂಪರೆ ಹೇಳುವ ಪತ್ರದಲ್ಲಿ ವಾದಿ ಪ್ರತಿವಾದಿಗಳನ್ನು ಕೂರಿಸುವುದರಲ್ಲಿಯೂ ನೋಡುವ ನೋಟದಲ್ಲಿಯೂ ಭೇದ ಇರಬಾರದು ಎಂಬ ಸೂಚನೆಯಿದೆ. ನಿನ್ನೆ ಕೊಟ್ಟ ತೀರ್ಪು ತಪ್ಪೆಂದು ಇಂದು ಕಂಡರೆ ಸತ್ಯದ ಕಡೆಗೆ ಮರಳಲು ಹಿಂಜರಿಯಬಾರದು ಎಂದೂ ಇದೆ.

ಈ ನ್ಯಾಯಶಾಸ್ತ್ರ ನಮ್ಮ ದೇಶದ ಅಪರಾಧ ಕಾನೂನಿನ ಇತಿಹಾಸದಲ್ಲಿ ನೇರವಾಗಿ ಸೇರಿದೆ. ಈಸ್ಟ್ ಇಂಡಿಯಾ ಕಂಪೆನಿ ಬಂಗಾಳದ ಆಡಳಿತ ಹಿಡಿದಾಗ ಅಲ್ಲಿದ್ದದ್ದು ಮೊಗಲರ ಕಾಲದ ಅಪರಾಧ ಕಾನೂನು. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಅದನ್ನೇ ಮುಂದುವರಿಸಿದ. ಫೌಜದಾರಿ ಅದಾಲತ್ತುಗಳಲ್ಲಿ ಖಾಝಿ, ಮುಫ್ತಿ ಮತ್ತು ಮೌಲವಿಗಳು ಕುಳಿತು ಕಾನೂನು ಹೇಳುತ್ತಿದ್ದರು. ಇಂದಿಗೂ ನಮ್ಮ ಕೋರ್ಟುಗಳ ಆವರಣದಲ್ಲಿ ಕೇಳುವ ಫಿರ್ಯಾದಿ, ವಕೀಲ, ಮೊಕದ್ದಮೆ, ಜಾಮೀನು, ಖುಲಾಸೆ ಎಂಬ ಪದಗಳು ಅರಬಿ ಪಾರಸಿ ಮೂಲದವು.

ಆ ಪದ್ಧತಿಯಲ್ಲಿ ಕೊರತೆ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಕೊಲೆಯಾದವನ ವಾರಸುದಾರರು ಕ್ಷಮಿಸಿದರೆ ಕೊಲೆಗಾರ ಮರಣದಂಡನೆಯಿಂದ ಪಾರಾಗುತ್ತಿದ್ದ. ಕ್ಷಮೆ ದೊಡ್ಡ ಗುಣವೇ ಹೌದು. ಆದರೆ ಕೊಂದವನು ಬಲಾಢ್ಯನಾಗಿ, ಸತ್ತವನ ಮನೆಯವರು ಬಡವರಾಗಿದ್ದರೆ ಆ ಕ್ಷಮೆ ಎಷ್ಟು ಸ್ವತಂತ್ರ? ಮುಸ್ಲಿಮನ ವಿರುದ್ಧ ಮುಸ್ಲಿಮೇತರನ ಸಾಕ್ಷ್ಯ ಸಲ್ಲದು ಎಂಬ ನಿಯಮವೂ ಇತ್ತು. 1790ರಿಂದ ಮುಂದಿನ ಕೆಲವೇ ವರ್ಷಗಳಲ್ಲಿ ಕಾರ್ನ್‌ವಾಲಿಸ್ ಈ ನಿಯಮಗಳನ್ನು ಬದಲಾಯಿಸಿದ. ಅಂಗಚ್ಛೇದದ ಬದಲು ಸೆರೆವಾಸ ಬಂತು. ಕೊನೆಗೆ ಮೆಕಾಲೆಯ ಆಯೋಗ 1837ರಲ್ಲಿ ಸಿದ್ಧಪಡಿಸಿದ ಕರಡು 1860ರಲ್ಲಿ ಭಾರತ ದಂಡ ಸಂಹಿತೆಯಾಗಿ, 1862ರ ಜನವರಿ 1ರಿಂದ ಜಾರಿಗೆ ಬಂತು. ಅದು 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆಗೆ ಜಾಗ ಬಿಟ್ಟುಕೊಟ್ಟಿತು.

ಪೊಲೀಸರ ಮುಂದಿನ ತಪ್ಪೊಪ್ಪಿಗೆ

ಚಿತ್ರಹಿಂಸೆ ಯುರೋಪಿನ ಕಥೆ ಮಾತ್ರ ಅಲ್ಲ. 1855ರಲ್ಲಿ ಮದರಾಸು ಪ್ರಾಂತ್ಯದ ಚಿತ್ರಹಿಂಸೆ ಆಯೋಗ ತನ್ನ ವರದಿ ಕೊಟ್ಟಿತು. ನಮ್ಮ ಬಳ್ಳಾರಿ ಮತ್ತು ಕೆನರಾ ಜಿಲ್ಲೆಗಳು ಆಗ ಆ ಪ್ರಾಂತ್ಯದಲ್ಲೇ ಇದ್ದವು. ಕಂದಾಯ ವಸೂಲಿಗೂ ತಪ್ಪೊಪ್ಪಿಗೆಗೂ ಜನರನ್ನು ಹಿಂಸಿಸುವುದು ನಡೆಯುತ್ತಿದೆ ಎಂದು ಆಯೋಗ ಒಪ್ಪಿಕೊಂಡಿತು. ಕೆಲವೇ ವರ್ಷಗಳಲ್ಲಿ, 1861ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಒಂದು ನಿಯಮ ಬಂತು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಪುರಾವೆಯಾಗಿ ಬಳಸುವಂತಿಲ್ಲ. 1872ರ ಸಾಕ್ಷ್ಯ ಅಧಿನಿಯಮದಲ್ಲಿ ಅದು 25ನೇ ಕಲಮಾಯಿತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಅದು ಉಳಿದಿದೆ. 'ಪೊಲೀಸರ ಮುಂದೆ ಆರೋಪಿ ತಪ್ಪೊಪ್ಪಿಕೊಂಡ' ಎಂಬ ಸುದ್ದಿಯನ್ನು ನೀವು ಪತ್ರಿಕೆಯಲ್ಲಿ ಓದಿದಾಗ ಈ ಮಾತು ನೆನಪಿರಲಿ. ಜನರಿಗೆ ಅದು ತೀರ್ಪು, ಕಾನೂನಿಗೆ ಅದು ಪುರಾವೆಯೇ ಅಲ್ಲ.

ಈ ತಡೆಗೋಡೆಯನ್ನು ತೆಗೆದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ಕಾಲದಲ್ಲೇ ನಿದರ್ಶನವಿದೆ. 1987ರ ಟಾಡಾ ಮತ್ತು 2002ರ ಪೋಟಾ ಕಾಯ್ದೆಗಳು ಹಿರಿಯ ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಒಪ್ಪಿಕೊಂಡವು. 2002ರ ಸೆಪ್ಟೆಂಬರಿನಲ್ಲಿ ಗಾಂಧಿನಗರದ ಅಕ್ಷರಧಾಮ ದೇವಾಲಯದ ಮೇಲೆ ಭಯೋತ್ಪಾದಕರ ದಾಳಿ ನಡೆದು ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಅದು ಘೋರ ಕೃತ್ಯ, ಅದರಲ್ಲಿ ಎರಡು ಮಾತಿಲ್ಲ. ಆ ಪ್ರಕರಣದಲ್ಲಿ ಪೋಟಾ ನ್ಯಾಯಾಲಯ 2006ರಲ್ಲಿ ಆರು ಜನರಿಗೆ ಶಿಕ್ಷೆ ವಿಧಿಸಿತು, ಅವರಲ್ಲಿ ಮೂವರಿಗೆ ಮರಣದಂಡನೆ. ಹೈಕೋರ್ಟು ಅದನ್ನು ಎತ್ತಿಹಿಡಿಯಿತು. 2014ರ ಮೇ 16ರಂದು ಸುಪ್ರೀಂ ಕೋರ್ಟು ಆರೂ ಜನರನ್ನು ಖುಲಾಸೆ ಮಾಡಿತು. ತಪ್ಪೊಪ್ಪಿಗೆಗಳನ್ನು ನಂಬಲಾಗದು ಎಂದಿತು. ತನಿಖೆ ನಡೆದ ರೀತಿಯ ಬಗ್ಗೆ ಕಟುವಾಗಿ ನೋವು ತೋಡಿಕೊಂಡಿತು. ಆ ಪೀಠದಲ್ಲಿದ್ದವರು ನ್ಯಾಯಮೂರ್ತಿ ಎ.ಕೆ. ಪಟ್ನಾಯಕ್ ಮತ್ತು ನಮ್ಮ ಕರ್ನಾಟಕದವರಾದ ನ್ಯಾಯಮೂರ್ತಿ ವಿ. ಗೋಪಾಲಗೌಡ. ಇಲ್ಲಿ ಎರಡು ಅನ್ಯಾಯಗಳಾದವು. ನೇಣಿನ ನೆರಳಲ್ಲಿ ವರ್ಷಗಳನ್ನು ಕಳೆದವರಿಗೆ ಒಂದು. ದಾಳಿಯಲ್ಲಿ ತಮ್ಮವರನ್ನು ಕಳೆದುಕೊಂಡು ನ್ಯಾಯಕ್ಕಾಗಿ ಕಾದವರಿಗೆ ಇನ್ನೊಂದು. ತಪ್ಪು ವ್ಯಕ್ತಿಗೆ ಶಿಕ್ಷೆಯಾದರೆ ನೊಂದವರಿಗೂ ನ್ಯಾಯ ಸಿಗುವುದಿಲ್ಲ.

ದಿವ್ಯ ಹೋಯಿತು, ಹಿಂಸೆ ನಿಷೇಧವಾಯಿತು. ಆದರೂ ಸತ್ಯಕ್ಕೆ ಅಡ್ಡದಾರಿ ಹುಡುಕುವ ಆಸೆ ಹೋಗಲಿಲ್ಲ. ಈ ಶತಮಾನದ ಆರಂಭದಲ್ಲಿ ಆರೋಪಿಗೆ ಔಷಧ ಚುಚ್ಚಿ ಅರೆಪ್ರಜ್ಞೆಯಲ್ಲಿ ಮಾತನಾಡಿಸುವ ಮಂಪರು ಪರೀಕ್ಷೆ ಬಹಳ ಪ್ರಚಾರ ಪಡೆಯಿತು. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದ ಹೆಸರು ಆಗ ದೇಶದ ಎಲ್ಲ ಪತ್ರಿಕೆಗಳಲ್ಲಿಯೂ ಬರುತ್ತಿತ್ತು. 2010ರ ಮೇ 5ರಂದು, 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಎಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮಿದುಳಿನ ಪರೀಕ್ಷೆ ನಡೆಸುವುದು ಸಂವಿಧಾನಬಾಹಿರ ಎಂದು ತೀರ್ಪಿತ್ತಿತು. ಯಾರನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತ ಮಾಡಬಾರದು ಎಂಬ ಸಂವಿಧಾನದ 20ನೇ ವಿಧಿಯೇ ಅದಕ್ಕೆ ಮುಖ್ಯ ಆಧಾರ.

ಎರಡನೆಯ ಪ್ರಶ್ನೆ: ಶಿಕ್ಷೆ ಎಷ್ಟು?

ಈಗ ಎರಡನೆಯ ಪ್ರಶ್ನೆಗೆ ಬರೋಣ. ತಪ್ಪು ಮಾಡಿದ್ದು ಸಾಬೀತಾಯಿತು, ಶಿಕ್ಷೆ ಏನು?

ಕಠಿಣ ಶಿಕ್ಷೆ ಇಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದ ದೇಶ ಇಂಗ್ಲೆಂಡು. 19ನೇ ಶತಮಾನದ ಆರಂಭದಲ್ಲಿ ಅಲ್ಲಿ ಇನ್ನೂರಕ್ಕೂ ಹೆಚ್ಚು ಅಪರಾಧಗಳಿಗೆ ಗಲ್ಲು ಇತ್ತು. ಮನೆಯೊಳಗಿಂದ 40 ಶಿಲಿಂಗ್ ಬೆಲೆಯ ವಸ್ತು ಕದ್ದರೂ ಸಾವು. ಆಗಿದ್ದೇನು? ಜ್ಯೂರಿಯಲ್ಲಿ ಕುಳಿತ ಸಾಮಾನ್ಯ ಜನ, ಕಣ್ಣೆದುರಿಗೆ ನಿಂತ ಬಡವನನ್ನು ನೇಣಿಗೆ ಕಳಿಸಲು ಮನಸ್ಸಾಗದೆ, ಕದ್ದ ವಸ್ತುವಿನ ಬೆಲೆ 39 ಶಿಲಿಂಗ್ ಎಂದು ತೀರ್ಪು ಬರೆದುಬಿಡುತ್ತಿದ್ದರು! ಶಿಕ್ಷೆ ಮಿತಿಮೀರಿದಾಗ ಪ್ರಾಮಾಣಿಕರೂ ಸುಳ್ಳು ಹೇಳಬೇಕಾಗುತ್ತದೆ. ಇಷ್ಟಾಗಿಯೂ ಗಂಭೀರ ಅಪರಾಧದ ಆರೋಪಿಯ ಪರವಾಗಿ ವಕೀಲನು ಜ್ಯೂರಿಯ ಮುಂದೆ ಪೂರ್ಣ ವಾದ ಮಂಡಿಸುವ ಹಕ್ಕು ಆ ದೇಶದಲ್ಲಿ ಸಿಕ್ಕಿದ್ದು 1836ರಲ್ಲಿ.

ನಮ್ಮ ದಂಡ ಸಂಹಿತೆ ಹೆಚ್ಚಿನ ಅಪರಾಧಗಳಿಗೆ ಗರಿಷ್ಠ ಶಿಕ್ಷೆಯನ್ನು ಹೇಳಿ ಉಳಿದುದನ್ನು ನ್ಯಾಯಾಧೀಶರಿಗೆ ಬಿಟ್ಟಿತು. 1973ರ ದಂಡ ಪ್ರಕ್ರಿಯಾ ಸಂಹಿತೆ ಇನ್ನೊಂದು ಮುಖ್ಯ ಹೆಜ್ಜೆ ಇಟ್ಟಿತು. ಆರೋಪಿ ತಪ್ಪಿತಸ್ಥನೆಂದು ತೀರ್ಮಾನವಾದ ಮೇಲೆ, ಶಿಕ್ಷೆಯ ಪ್ರಮಾಣದ ಬಗ್ಗೆ ಅವನ ಮಾತನ್ನು ಪ್ರತ್ಯೇಕವಾಗಿ ಕೇಳಬೇಕು ಎಂದಿತು. ಅಥೆನ್ಸಿನ ಎರಡು ಮತಗಳು ನೆನಪಾದವೇ? ಆದರೆ ಇಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಅಥೆನ್ಸಿನ ತೀರ್ಪುಗಾರರು ಕಾರಣ ಹೇಳಬೇಕಾಗಿರಲಿಲ್ಲ. ನಮ್ಮ ನ್ಯಾಯಾಧೀಶರು ಕಾರಣವನ್ನು ಬರೆಯಲೇಬೇಕು. ಕಾರಣ ಬರೆದಿದ್ದರೆ ಮಾತ್ರ ಅದು ತಪ್ಪೆಂದು ಮೇಲಿನ ನ್ಯಾಯಾಲಯದಲ್ಲಿ ವಾದಿಸಬಹುದು.

ಮರಣದಂಡನೆಯ ವಿಷಯದಲ್ಲಿ 1980ರ ಬಚನ್ ಸಿಂಗ್ ಪ್ರಕರಣ ದಾರಿದೀಪ. ಜೀವಾವಧಿಯೇ ನಿಯಮ, ಮರಣದಂಡನೆ ಅಪವಾದ, ಅದೂ ಅಪರೂಪದಲ್ಲಿ ಅಪರೂಪದ ಪ್ರಕರಣಗಳಿಗೆ ಮಾತ್ರ ಎಂದು ಐವರು ನ್ಯಾಯಮೂರ್ತಿಗಳ ಪೀಠ ನಾಲ್ಕು–ಒಂದರ ಬಹುಮತದಿಂದ ಹೇಳಿತು. ಅಪರಾಧ ಎಷ್ಟು ಕ್ರೂರ ಎಂದು ನೋಡಿದರೆ ಸಾಲದು, ಅಪರಾಧಿ ಎಂಥವನು, ಅವನು ಸುಧಾರಿಸುವ ಸಾಧ್ಯತೆ ಇದೆಯೇ ಎಂಬುದನ್ನೂ ನೋಡಬೇಕು ಎಂದಿತು.

ಆದರೂ ಇದು ತಕ್ಕಡಿಯಲ್ಲಿ ತೂಗುವಷ್ಟು ಸುಲಭವಲ್ಲ. ಬೆಂಗಳೂರಿನಲ್ಲಿ ನಡೆದ ಒಂದು ಕೊಲೆಗೆ ಸಂಬಂಧಿಸಿದ 'ಸ್ವಾಮಿ ಶ್ರದ್ಧಾನಂದ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣವನ್ನು ನೋಡಿ. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೂ ಆರೋಪ ಸಾಬೀತಾಗಿದೆ ಎಂದು ಒಪ್ಪಿದರು. ಶಿಕ್ಷೆಯ ಬಗ್ಗೆ ಒಬ್ಬರು ಜೀವಾವಧಿ ಎಂದರು, ಇನ್ನೊಬ್ಬರು ಮರಣದಂಡನೆ ಎಂದರು. ಅದೇ ಕಡತ, ಅದೇ ಸಾಕ್ಷ್ಯ, ಅದೇ ಕಾನೂನು. 2008ರಲ್ಲಿ ಮೂವರ ಪೀಠ ಮರಣದಂಡನೆಯ ಬದಲು, ಶಿಕ್ಷೆ ಕಡಿತವಿಲ್ಲದೆ ಜೀವಮಾನವಿಡೀ ಸೆರೆವಾಸ ಎಂಬ ನಡುದಾರಿಯನ್ನು ಹಿಡಿಯಿತು. ಇಬ್ಬರು ವಿದ್ವಾಂಸರೇ ಹೀಗೆ ಭಿನ್ನವಾಗುವುದಾದರೆ, ಹಿಂತೆಗೆದುಕೊಳ್ಳಲಾಗದ ಶಿಕ್ಷೆಯನ್ನು ಕೊಡುವಾಗ ಕೈ ನಡುಗುವುದು ಒಳ್ಳೆಯದೇ.

ಸಣ್ಣ ಅಪರಾಧಗಳಿಗೆ ಬೇರೆ ದಾರಿಗಳಿವೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ ಪ್ರಕಾರ ಇಪ್ಪತ್ತೊಂದು ವರ್ಷದೊಳಗಿನವರನ್ನು, ಜೀವಾವಧಿಯಂಥ ಶಿಕ್ಷೆಯಿರುವ ಅಪರಾಧಗಳನ್ನು ಬಿಟ್ಟು, ಕಾರಣ ಬರೆಯದೆ ಜೈಲಿಗೆ ಕಳಿಸುವಂತಿಲ್ಲ. ಹೊಸ ನ್ಯಾಯ ಸಂಹಿತೆ ಸಮುದಾಯ ಸೇವೆ ಎಂಬ ಶಿಕ್ಷೆಯನ್ನು ಮೊದಲ ಬಾರಿಗೆ ಸೇರಿಸಿದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಬಾರಿ ಕದ್ದವನು ಅದನ್ನು ಹಿಂದಿರುಗಿಸಿದರೆ ಅವನಿಗೆ ಜೈಲಿನ ಬದಲು ಈ ಶಿಕ್ಷೆಯಾಗುತ್ತದೆ. ಇನ್ನೂರು ವರ್ಷಗಳ ಹಿಂದಿನ ಇಂಗ್ಲೆಂಡಿನ ಕಳ್ಳನನ್ನು ನೆನೆದರೆ ನಾವು ಎಷ್ಟು ದೂರ ಬಂದಿದ್ದೇವೆ ಎಂದು ತಿಳಿಯುತ್ತದೆ.

ತೀರ್ಪಿಗೆ ಮೊದಲೇ ಶಿಕ್ಷೆ

ಇಷ್ಟೆಲ್ಲ ಕಲಿತ ನಾವು ಇಂದು ಎಲ್ಲಿದ್ದೇವೆ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರ ಕೊನೆಗೆ ಭಾರತದ ಜೈಲುಗಳಲ್ಲಿ 5,73,220 ಜನರಿದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರು, ಮೊದಲ ಪ್ರಶ್ನೆಗೇ ಇನ್ನೂ ಉತ್ತರ ಸಿಗದವರು. ತೀರ್ಪು ಬಂದಿಲ್ಲ, ಶಿಕ್ಷೆ ಶುರುವಾಗಿದೆ. ಇದೇ ನಮ್ಮ ಕಾಲದ ದೊಡ್ಡ ಅನ್ಯಾಯ ಎಂಬುದು ನನ್ನ ಅಭಿಪ್ರಾಯ. ನ್ಯಾಯಾಧೀಶರು ಎಷ್ಟೇ ಎಚ್ಚರದಿಂದ ತೀರ್ಪು ಬರೆದರೂ, ತೀರ್ಪು ಬರುವ ಮೊದಲೇ ಒಬ್ಬನ ಕೆಲಸ ಹೋಗಿ, ಮನೆ ಸಾಲದಲ್ಲಿ ಮುಳುಗಿ, ಮಕ್ಕಳು ಶಾಲೆ ಬಿಟ್ಟಿದ್ದರೆ, ಖುಲಾಸೆ ಎಂಬ ಪದಕ್ಕೆ ಏನು ಅರ್ಥ ಉಳಿಯಿತು?

1979ರಲ್ಲಿ ಬಿಹಾರದ ಜೈಲುಗಳ ಬಗ್ಗೆ ಪತ್ರಿಕಾ ವರದಿಗಳು ಬಂದವು. ತಮ್ಮ ಮೇಲಿನ ಆರೋಪಕ್ಕೆ ಇರುವ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಒಳಗಿದ್ದವರು ಅಲ್ಲಿದ್ದರು. ವಕೀಲೆ ಪುಷ್ಪಾ ಕಪಿಲಾ ಹಿಂಗೋರಾಣಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಸಿದ್ಧ ಹುಸ್ನಾರಾ ಖಾತೂನ್ ಪ್ರಕರಣ. ಶೀಘ್ರ ವಿಚಾರಣೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ನ್ಯಾಯಾಲಯ ಸಾರಿತು. ಸಾವಿರಾರು ಜನ ಬಿಡುಗಡೆಯಾದರು. ಒಂದು ಸುದ್ದಿ, ಒಬ್ಬ ವಕೀಲೆ, ಒಂದು ಅರ್ಜಿ ಇಷ್ಟನ್ನು ಮಾಡಿದವು.

ಇಂದು ಕಾನೂನು ಇನ್ನೂ ಸ್ಪಷ್ಟವಾಗಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗಿರದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು, ಉಳಿದವರು ಅರ್ಧವನ್ನು ವಿಚಾರಣಾಧೀನರಾಗಿಯೇ ಕಳೆದಿದ್ದರೆ ಅವರ ಬಿಡುಗಡೆಯನ್ನು ನ್ಯಾಯಾಲಯ ಪರಿಗಣಿಸಬೇಕು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪಗಳಿಗೂ, ಒಂದಕ್ಕಿಂತ ಹೆಚ್ಚು ಪ್ರಕರಣಗಳಿರುವವರಿಗೂ ಇದು ಅನ್ವಯಿಸದು. ಈ ಅವಧಿ ತುಂಬಿದಾಗ ನ್ಯಾಯಾಲಯಕ್ಕೆ ಅರ್ಜಿ ಹಾಕುವುದು ಜೈಲಿನ ಅಧೀಕ್ಷಕರ ಕರ್ತವ್ಯ. ಕಾನೂನು ಜಾರಿಗೆ ಬರುವ ಮೊದಲಿನ ಪ್ರಕರಣಗಳಿಗೂ ಇದು ಅನ್ವಯವಾಗುತ್ತದೆ ಎಂದು 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಆದರೆ ಈ ಕಲಮು ಇದೆ ಎಂದು ಒಳಗಿರುವವನಿಗೆ ಹೇಳುವವರು ಯಾರು? ಜಾಮೀನು ಸಿಕ್ಕಿದರೂ ಶ್ಯೂರಿಟಿ ಕೊಡುವವರಿಲ್ಲದೆ ಒಳಗೇ ಉಳಿಯುವವರಿಗೆ ಓಡಾಡುವವರು ಯಾರು?

ನಾವು ಮಾಡಬಹುದಾದದ್ದು

ಪ್ರೀತಿಯ ವಿದ್ಯಾರ್ಥಿಗಳೇ, ಮನೆಯಲ್ಲಿ ಮಗ ಅಥವಾ ಮಗಳು ಚೆನ್ನಾಗಿ ಓದಿದರೆ ಇಂಜಿನಿಯರಿಂಗು, ಇಲ್ಲವಾದರೆ ಮೆಡಿಕಲ್ಲು ಎನ್ನುತ್ತೇವೆ. ಅವು ಬೇಕು. ಆದರೆ ನಿಮ್ಮಲ್ಲಿ ಕೆಲವರು ಕಾನೂನು ಓದಿ. ಸಿವಿಲ್ ವ್ಯಾಜ್ಯಗಳಿಗಷ್ಟೇ ಅಲ್ಲ, ತಾಲ್ಲೂಕಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನಿಂತು ಬಡ ಆರೋಪಿಯ ಪರವಾಗಿ ಜಾಮೀನು ಅರ್ಜಿ ವಾದಿಸುವ ವಕೀಲರಾಗಿ. ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿ, ನೊಂದವರ ಪರ ನಿಲ್ಲಿ. ನ್ಯಾಯಾಧೀಶರಾಗಿ. ಪೊಲೀಸ್ ಇಲಾಖೆ ಸೇರಿ, ಸಾಕ್ಷ್ಯ ಸಂಗ್ರಹವನ್ನು ಸರಿಯಾಗಿ ಮಾಡಿ. ತನಿಖೆ ಚೆನ್ನಾಗಿದ್ದರೆ ಅಡ್ಡದಾರಿಯ ಅವಶ್ಯಕತೆಯೇ ಬೀಳುವುದಿಲ್ಲ.

ಇಂಥವನ ಪರವಾಗಿ ವಾದಿಸಬಾರದು ಎಂದು ಕೆಲವು ವಕೀಲರ ಸಂಘಗಳು ನಿರ್ಣಯ ಮಾಡುವುದನ್ನು ನೀವು ಕೇಳಿರಬಹುದು. ಅಂಥ ನಿರ್ಣಯಗಳು ಕಾನೂನುಬಾಹಿರ, ಅವುಗಳಿಗೆ ಬೆಲೆಯಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮುಂಬಯಿ ದಾಳಿಯ ಅಜ್ಮಲ್ ಕಸಬನಿಗೂ ವಕೀಲರನ್ನು ಕೊಟ್ಟೇ ವಿಚಾರಣೆ ನಡೆಸಿದ ದೇಶ ನಮ್ಮದು. ಮ್ಯಾಜಿಸ್ಟ್ರೇಟರ ಮುಂದೆ ಮೊದಲ ಬಾರಿ ಹಾಜರುಪಡಿಸಿದಾಗಲೇ ಆರೋಪಿಗೆ ವಕೀಲರ ನೆರವಿನ ಹಕ್ಕನ್ನು ತಿಳಿಸಬೇಕು ಎಂಬ ನಿರ್ದೇಶನ ಬಂದದ್ದು ಅದೇ ಪ್ರಕರಣದ 2012ರ ತೀರ್ಪಿನಲ್ಲಿ. ಅದು ನಮ್ಮ ದುರ್ಬಲತೆ ಅಲ್ಲ, ಹೆಮ್ಮೆ.

ವಕೀಲರಾಗದವರೂ ಮಾಡಬಹುದಾದ ಕೆಲಸವಿದೆ. ಕಾನೂನು ಸೇವೆಗಳ ಪ್ರಾಧಿಕಾರ ಪ್ರತಿ ಜಿಲ್ಲಾ ನ್ಯಾಯಾಲಯದಲ್ಲಿದೆ, ತಾಲ್ಲೂಕುಗಳಲ್ಲಿ ಅದರ ಸಮಿತಿಗಳಿವೆ. ಬಂಧನದಲ್ಲಿರುವವರು, ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯಬಹುದು. ಉಳಿದವರಲ್ಲಿ ಹಲವರಿಗೆ ಆದಾಯದ ಮಿತಿಯಿದೆ. 15100 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ, ಈ ಸಂಖ್ಯೆಯನ್ನು ದಯವಿಟ್ಟು ಬರೆದುಕೊಳ್ಳಿ. ಪ್ರಾಧಿಕಾರ ಅರೆಕಾಲಿಕ ಕಾನೂನು ಸ್ವಯಂಸೇವಕರಿಗೆ ತರಬೇತಿಯನ್ನೂ ಕೊಡುತ್ತದೆ. ನಮ್ಮ ಸಂಘ ಪ್ರತಿವರ್ಷ ವಿದ್ಯಾರ್ಥಿವೇತನ ಕೊಡುವಂತೆ, ಪ್ರತಿವರ್ಷ ಹತ್ತು ಯುವಕ ಯುವತಿಯರನ್ನು ಈ ತರಬೇತಿಗೆ ಕಳಿಸಬಾರದೇಕೆ? ಯಾವ ಜಾತಿ ಧರ್ಮದವನೇ ಆಗಲಿ, ಬಂಧನಕ್ಕೊಳಗಾದವನ ಮನೆಯವರಿಗೆ ಎಲ್ಲಿಗೆ ಹೋಗಬೇಕು, ಯಾರನ್ನು ಕಾಣಬೇಕು ಎಂದು ಹೇಳುವವರು ಊರಿಗೊಬ್ಬರಿದ್ದರೂ ಸಾಕು. ಈ ಸಲಹೆಯನ್ನು ಕಾರ್ಯಕಾರಿ ಸಮಿತಿಯ ಮುಂದೆ ಇಡುತ್ತಿದ್ದೇನೆ.

ಕೊನೆಯದಾಗಿ ಇನ್ನೊಂದು ಕೆಲಸ, ಇದಕ್ಕೆ ತರಬೇತಿ ಬೇಡ, ಹಣವೂ ಬೇಡ. ಒಬ್ಬನ ಮೇಲೆ ಆರೋಪ ಬಂದಾಗ ಕಾಯುವುದು. ನಮ್ಮವನ ಮೇಲೆ ಬಂದಾಗ ಮಾತ್ರವಲ್ಲ, ನಮಗೆ ಆಗದವನ ಮೇಲೆ ಬಂದಾಗಲೂ ಕಾಯುವುದು. ಮೊಬೈಲಿಗೆ ಬಂದ ಫೋಟೋವನ್ನು 'ಇವನೇ ಅಪರಾಧಿ' ಎಂದು ಮುಂದಕ್ಕೆ ಕಳಿಸುವ ಮುನ್ನ, ತುಲೂಸ್ ನಗರದ ಬೀದಿಯಲ್ಲಿ ಕೂಗಿದ ಆ ಹೆಸರಿಲ್ಲದ ಮನುಷ್ಯನನ್ನು ನೆನೆಯಿರಿ. ಅವನಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಅವನ ಒಂದು ಮಾತಿಗೆ ಒಬ್ಬ ತಂದೆ ಪ್ರಾಣ ಕೊಟ್ಟ.